ಸೋರಲಿ, ಆದರೆ ಕಾಣುವಂತೆ ಸೋರಲಿ

ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ನೆರೆಹೊರೆಯ ಜಗಳಕ್ಕೆ ಮೂರು ಕಾರಣ: ಪಾರ್ಕಿಂಗ್ ಜಾಗ, ಸಾಕಿದ ನಾಯಿ, ಮೇಲಿನ ಮನೆಯ ಬಚ್ಚಲು. ಮೊದಲೆರಡು ಹೇಗೋ ಬಗೆಹರಿಯುತ್ತವೆ. ಮೂರನೆಯದು ವರ್ಷಗಟ್ಟಲೆ ಎಳೆಯುತ್ತದೆ, ಏಕೆಂದರೆ ತಪ್ಪು ಎಲ್ಲಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗಿನವರ ಸೀಲಿಂಗಿನಲ್ಲಿ ಮೊದಲು ತೆಳು ಹಳದಿ ಕಲೆ ಕಾಣುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದು ಭೂಪಟದಂತೆ ಹರಡಿ, ಬಣ್ಣ ಉಬ್ಬಿ ಹಪ್ಪಳದಂತೆ ಉದುರುತ್ತದೆ. ದೂರು ಹೊತ್ತು ಮೇಲೆ ಹೋದರೆ, "ನಮ್ಮಲ್ಲಿ ಎಲ್ಲ ಒಣಗಿದೆ, ಒಳಗೆ ಬಂದು ನೋಡಿ" ಎನ್ನುತ್ತಾರೆ. ಅವರ ಮಾತೂ ನಿಜವೇ. ಪ್ಲಂಬರ್ ಬಂದು ಟೈಲ್ಸ್ ಸಂದಿಗೆ ಬಿಳಿ ಗ್ರೌಟ್ ತುಂಬಿ ಹೋಗುತ್ತಾನೆ. ಬಿಲ್ಡರ್ ಕಡೆಯ ಇಂಜಿನಿಯರ್ ಬಂದು ಕತ್ತೆತ್ತಿ ನೋಡಿ, "ಲೀಕೇಜ್ ಅಲ್ಲ ಸಾರ್, ಸೀಪೇಜ್ ಅಷ್ಟೇ" ಎಂದು ತೀರ್ಪು ಕೊಡುತ್ತಾರೆ.

ಈ ಒಂದು ಪದದಲ್ಲಿ ಇಡೀ ಮೋಸ ಅಡಗಿದೆ. ಸೋರುವುದು, ತೊಟ್ಟಿಕ್ಕುವುದು, ಜಿನುಗುವುದು, ಒಸರುವುದು ಎಂದು ಕನ್ನಡ ಬೇರೆಬೇರೆಯಾಗಿ ಹೇಳುತ್ತದೆ. ಹೈದರಾಬಾದಿನ ದಖನಿ ಮಾತಿನಲ್ಲೂ ಟಪಕ್ನಾ ಬೇರೆ, ರಿಸ್ನಾ ಬೇರೆ. ನೀರು ಎಷ್ಟು ಬರುತ್ತಿದೆ, ಹೇಗೆ ಬರುತ್ತಿದೆ ಎಂಬುದನ್ನು ಮಾಡಿನ ಕೆಳಗೆ ಬದುಕಿದವರು ನೋಡಿ ನೋಡಿಯೇ ಈ ಪದಗಳನ್ನು ಬಳಸಿದರು. ಜಿನುಗುತ್ತಿದೆ ಎಂದರೆ ಎಲ್ಲಿಂದ ಎಂದು ಕೇಳಬಹುದು. ಸೀಪೇಜ್ ಎಂದರೆ ಹವಾಮಾನದ ಹಾಗೆ: ಇರುತ್ತದೆ, ಯಾರೂ ಹೊಣೆಯಲ್ಲ.

ಹೊಣೆ ತಪ್ಪಿಸಿಕೊಳ್ಳಲು ಅನುಕೂಲವಾಗುವಂತೆ ಕಟ್ಟಡವನ್ನೂ ಕಟ್ಟಿರುತ್ತಾರೆ. ಬಚ್ಚಲಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದಡಿ ಕೆಳಗೆ ಇಳಿಸಿ ಹಾಕುತ್ತಾರೆ. ಇದೇ ಸಂಕನ್ ಸ್ಲ್ಯಾಬ್. ಆ ಗುಂಡಿಯಲ್ಲಿ ಪೈಪುಗಳನ್ನು ಮಲಗಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ, ಗಾರೆ ಹಾಕಿ, ಟೈಲ್ಸ್ ಅಂಟಿಸುತ್ತಾರೆ. ಅಲ್ಲಿಗೆ ಪೈಪಿನ ಜೋಡಣೆಗಳು ಶಾಶ್ವತ ಸಮಾಧಿ ಸೇರಿದಂತೆ. ಮುಂದೆ ಒಂದು ಜೋಡಣೆ ಬಿಟ್ಟುಕೊಂಡರೆ ನೀರು ತಕ್ಷಣ ಕೆಳಗೆ ಬರುವುದಿಲ್ಲ. ಇಟ್ಟಿಗೆ ಚೂರು ಅದನ್ನು ಸ್ಪಂಜಿನಂತೆ ಹೀರುತ್ತದೆ, ಗುಂಡಿ ತೊಟ್ಟಿಯಂತೆ ತುಂಬುತ್ತದೆ, ಆಮೇಲೆ ಸ್ಲ್ಯಾಬಿನ ಯಾವುದೋ ಬಿರುಕು ಹುಡುಕಿಕೊಂಡು ಹೊರಡುತ್ತದೆ. ಸೋರಿದ್ದು ಒಂದು ಕಡೆ, ಕಲೆ ಕಂಡಿದ್ದು ಇನ್ನೊಂದು ಕಡೆ. ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತವೆ.

ಈ ವಿಳಂಬಕ್ಕೆ ಕಾನೂನಿನಲ್ಲೂ ಬೆಲೆಯಿದೆ. 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ಒಳ್ಳೆಯ ಕಾನೂನು. ಆದರೆ ದೋಷ ಮೊದಲು ಕಾಣಬೇಕಲ್ಲ? 3ನೇ ವರ್ಷ ಶುರುವಾದ ಸೋರಿಕೆ 6ನೇ ವರ್ಷ ಸೀಲಿಂಗಿಗೆ ಇಳಿದರೆ ಖರ್ಚು ಮನೆಯವರ ತಲೆಗೆ. ಅವಧಿಯೊಳಗೇ ಕಂಡರೂ, ಮೇಲಿನವರು ಗೀಸರ್ ಕೂರಿಸಲು ಕೊರೆದ ತೂತೇ ಕಾರಣ ಎನ್ನುವ ವಾದ ಸಿದ್ಧವಾಗಿರುತ್ತದೆ. ಅಲ್ಲವೆಂದು ತೋರಿಸಲು ಬಚ್ಚಲನ್ನೇ ಒಡೆಯಬೇಕು.

ಎತ್ತರ ಹೆಚ್ಚಿದಷ್ಟೂ ಇದು ಬಿಗಡಾಯಿಸುತ್ತದೆ. 2006ರ ಕಟ್ಟಡ ನಿಯಮಗಳು ಎಫ್‌ಎಸ್‌ಐ ಮಿತಿಯನ್ನು ತೆಗೆದ ಮೇಲೆ ಹೈದರಾಬಾದ್ ಪಶ್ಚಿಮಕ್ಕೆ ಹರಡುತ್ತಲೇ ಮೇಲಕ್ಕೂ ಬೆಳೆಯಿತು. ಕೋಕಾಪೇಟ, ನಾನಕ್‌ರಾಮ್‌ಗುಡಗಳಲ್ಲಿ ಈಗ 40 ಮಹಡಿ ದೊಡ್ಡ ಮಾತಲ್ಲ. ನೀರಿನ ಲೆಕ್ಕ ಸರಳ: ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. 120 ಮೀಟರ್ ಮೇಲಿನ ಟ್ಯಾಂಕಿನ ನೀರು ನೇರ ಇಳಿದರೆ ತಳದಲ್ಲಿ 12 ಬಾರ್ ಆಗುತ್ತದೆ. ಅದಕ್ಕೆಂದೇ ನಡುನಡುವೆ ಒತ್ತಡ ತಗ್ಗಿಸುವ ವಾಲ್ವ್‌ಗಳು ಬೇಕು. ಅಂಥದೊಂದು ವಾಲ್ವ್ ಕೆಟ್ಟರೆ ಅಂಟು ಸರಿಯಾಗಿ ಒಣಗದ ಪ್ರತಿಯೊಂದು ಜೋಡಣೆಯೂ ಪರೀಕ್ಷೆಗೆ ಒಳಗಾಗುತ್ತದೆ. ಕೃಷ್ಣಾ, ಗೋದಾವರಿಗಳಿಂದ ನೂರು ಕಿಲೋಮೀಟರಿಗೂ ಆಚೆಯಿಂದ ಪಂಪ್ ಮಾಡಿ ತಂದ ನೀರು ಕೊನೆಯ ಮೂರಡಿಯಲ್ಲಿ ಗೋಡೆಯೊಳಗೆ ಹೋಗುತ್ತದೆ.

ಬಿಲ್ಡರುಗಳು ಇಷ್ಟು ನಿಶ್ಚಿಂತೆಯಿಂದ ಇರಲು ಕಾರಣ ಕಾಂಕ್ರೀಟು. ಅದು ಬೇಗ ದೂರು ಹೇಳುವುದಿಲ್ಲ. ಮರವಾದರೆ ಸುಮ್ಮನಿರುವುದಿಲ್ಲ. ಹೊರದೇಶಗಳಲ್ಲಿ ಈಗ ಮರದ ಹಲಗೆ, ತೊಲೆಗಳನ್ನು ಪದರಪದರವಾಗಿ ಅಂಟಿಸಿ ಎತ್ತರದ ಕಟ್ಟಡ ಕಟ್ಟುತ್ತಿದ್ದಾರೆ. ನಾರ್ವೆಯ ಮ್ಯೋಸ್ಟಾರ್ನೆಟ್ 18 ಮಹಡಿ, 2019ರಲ್ಲಿ ಮುಗಿಯಿತು. ಅಮೆರಿಕದ ಮಿಲ್ವಾಕಿಯ ಅಸೆಂಟ್ 25 ಮಹಡಿ, 2022ರದು. ಮರದ ತೇವಾಂಶ ಶೇ. 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ. ಹಾಗಾಗಿ ಇಂಥ ಕಟ್ಟಡಗಳಿಗೆ ವಿಮೆ ಕೊಡುವವರು ಬೆಂಕಿಗೆ ಹೆದರುವಂತೆ ನೀರಿಗೂ ಹೆದರುತ್ತಾರೆ.

ಆ ಹೆದರಿಕೆ ಒಂದು ಶಿಸ್ತನ್ನು ಕಲಿಸಿದೆ. ಪೈಪು ಎಂದಾದರೂ ಸೋರಿಯೇ ಸೋರುತ್ತದೆ ಎಂದುಕೊಂಡೇ ವಿನ್ಯಾಸ ಶುರುಮಾಡಬೇಕು. ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟು, ಪೈಪುಗಳನ್ನು ಒಂದೇ ಶಾಫ್ಟಿನಲ್ಲಿ ಇಳಿಸಿ, ಪ್ರತಿ ಮಹಡಿಯಲ್ಲೂ ಅದಕ್ಕೊಂದು ಬಾಗಿಲು ಇಡಬೇಕು. ಜೋಡಣೆಗಳ ಕೆಳಗೆ ತಟ್ಟೆ, ತಟ್ಟೆಗೊಂದು ಹೊರದಾರಿ; ಅದರಿಂದ ನೀರು ಬಿದ್ದರೆ ಯಾರದಾದರೂ ಕಣ್ಣಿಗೆ ಬೀಳಬೇಕು. ಒದ್ದೆಯಾದರೆ ಕೂಗುವ ಸೆನ್ಸರ್, ತಾನಾಗಿ ಮುಚ್ಚುವ ವಾಲ್ವ್ ಇರಬೇಕು. ಪರೀಕ್ಷೆ ಮಾಡದ ಲೈನಿಗೆ ನೀರು ಬಿಡಬಾರದು.

ಇದು ವಿದೇಶಿ ಜಾಣತನವೇನೂ ಅಲ್ಲ. ಮರದ ಮನೆಯಲ್ಲಿ ಬದುಕಿದ ಮಲೆನಾಡಿನವರು ಬಚ್ಚಲುಮನೆಯನ್ನು ಮನೆಯ ಹಿಂಬದಿಯ ಅಂಚಿಗೆ ಇಟ್ಟು, ಬಚ್ಚಲ ನೀರನ್ನು ಬಾಳೆ ಬುಡಕ್ಕೆ ಬಿಟ್ಟರು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿದರು. ಮಾಡು ಸೋರುವುದಿಲ್ಲ ಎಂದು ಯಾರೂ ಗ್ಯಾರಂಟಿ ಕೊಡಲಿಲ್ಲ. ಸೋರಿದರೆ ಯಾವ ಹಂಚೆಂದು ಕೆಳಗೆ ನಿಂತೇ ತಿಳಿಯುತ್ತಿತ್ತು.

ಕಾಂಕ್ರೀಟ್ ಮರವಲ್ಲವಲ್ಲ, ಅದಕ್ಕೇಕೆ ಇಷ್ಟೆಲ್ಲ ಎನ್ನಬಹುದು. ಕಾಂಕ್ರೀಟಿನೊಳಗೆ ಕಬ್ಬಿಣವಿದೆ ಎಂಬುದು ಉತ್ತರ. ತೇವ ಒಳಗಿಳಿದು ಸರಳು ತುಕ್ಕು ಹಿಡಿದರೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಅದು ಒಳಗಿನಿಂದ ಒತ್ತಿ ಗಾರೆಯನ್ನು ಸಿಡಿಸುತ್ತದೆ. ಮರ ಕೆಲವು ವರ್ಷದಲ್ಲಿ ತೋರಿಸುವುದನ್ನು ಕಾಂಕ್ರೀಟ್ ಇಪ್ಪತ್ತು ವರ್ಷಕ್ಕೆ ತೋರಿಸಬಹುದು. ಅಷ್ಟರಲ್ಲಿ ಬಿಲ್ಡರ್ ಇನ್ನೆಲ್ಲೋ ಇರುತ್ತಾರೆ, ಸಾಲದ ಕಂತು ಮಾತ್ರ ಇಲ್ಲೇ ಇರುತ್ತದೆ.

ಇನ್ನೊಂದು ಸಮಜಾಯಿಷಿ ವಾಟರ್‌ಪ್ರೂಫಿಂಗ್ ರಾಸಾಯನಿಕದ ಡಬ್ಬ. ಅದು ಬೇಕು. ಆದರೆ ಅದು ಬಚ್ಚಲ ಗುಂಡಿಯ ಒಳಗೋಡೆಗೆ ಬಳಿಯುವ ಪದರ. ಪೈಪಿನ ಜೋಡಣೆಯನ್ನು ಅದು ಕಾಯುವುದಿಲ್ಲ. ಚೆನ್ನಾಗಿ ಬಳಿದಷ್ಟೂ ಸೋರಿದ ನೀರು ಇನ್ನಷ್ಟು ದಿನ ಒಳಗೇ ಅಡಗಿರುತ್ತದೆ. ಇನ್ನು ಪೈಪು ಕಂಡರೆ ಅಂದ ಕೆಡುತ್ತದೆ ಎನ್ನುವವರು ಉದುರಿದ ಸೀಲಿಂಗಿನ ಅಂದವನ್ನೂ ಒಮ್ಮೆ ನೋಡಬೇಕು.

ನೀರಿನ ದಾರಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದಿಗೆ ಪಾಠ ಬೇಕಿಲ್ಲ. ಮೂಸಿ ದಡದ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡ ವಿನ್ಸೆಂಟ್ ಎಶ್ ವಿನ್ಯಾಸ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ್ದು. 2020ರ ಜುಲೈನಲ್ಲಿ ಮಳೆನೀರು, ಚರಂಡಿ ನೀರು ಎರಡೂ ಅದರ ವಾರ್ಡುಗಳಿಗೆ ನುಗ್ಗಿದವು. ರೋಗಿಗಳ ಮಂಚದ ಕೆಳಗೆ ಕೊಳಕು ನೀರು ನಿಂತಿತು. ಕೆಲವೇ ದಿನಗಳಲ್ಲಿ ಆ ಕಟ್ಟಡಕ್ಕೆ ಬೀಗ ಬಿತ್ತು. ಅದಾದ ಮೇಲೆ ಜೋರಾಗಿ ಕೇಳಿದ್ದು ಕಟ್ಟಡ ಕೆಡವಬೇಕೆ, ಉಳಿಸಬೇಕೆ ಎಂಬ ವಾದ. ಕೊಳವೆ, ಚರಂಡಿಗಳನ್ನು ವರ್ಷಗಟ್ಟಲೆ ನೋಡದಿದ್ದುದು ಹಿಂದೆ ಸರಿಯಿತು, ಕಟ್ಟಡದ ವಯಸ್ಸು ಅಪರಾಧಿಯಾಯಿತು. ಇಂದಿನ ಗೋಪುರಗಳಿಗೂ ನಾಳೆ ಇದೇ ನ್ಯಾಯ ಕಾದಿದೆ.

ಆದ್ದರಿಂದ ಬೇಡಿಕೆ ನಾಲ್ಕೇ, ಯಾವುದೂ ಅಸಾಧ್ಯವಲ್ಲ. ಪೈಪುಗಳಿಗೆ ಬಾಗಿಲಿರುವ ಶಾಫ್ಟ್ ಬೇಕು, ಬಚ್ಚಲ ಜೋಡಣೆಗಳು ಕೈಗೆಟುಕಬೇಕು. ಟೈಲ್ಸ್ ಹಾಕುವ ಮೊದಲು ಪೈಪಿಗೆ ಒತ್ತಡದ ಪರೀಕ್ಷೆ ನಡೆಸಿ, ಬಚ್ಚಲ ಗುಂಡಿಯಲ್ಲಿ ಎರಡು ದಿನ ನೀರು ನಿಲ್ಲಿಸಿ, ಎರಡರ ಫೋಟೋ ಮತ್ತು ದಾಖಲೆ ಕೊಳ್ಳುವವರಿಗೆ ಕೊಡಬೇಕು. ಪ್ರತಿ ಮನೆಗೂ ಮುಖ್ಯ ವಾಲ್ವ್ ಮನೆಯ ಹೊರಗಿರಬೇಕು, ಬೀಗ ಹಾಕಿ ಊರಿಗೆ ಹೋದವರ ಪೈಪು ಒಡೆದರೆ ವಾಚ್‌ಮನ್ ತಾನೇ ಮುಚ್ಚುವಂತೆ. ನಿಜವಾಗಿ ಹಾಕಿದ ಪೈಪುಗಳ ನಕ್ಷೆ ನಿವಾಸಿಗಳ ಸಂಘದ ಕೈ ಸೇರಬೇಕು. ಕಾಗದಪತ್ರ, ನಕ್ಷೆಗಳನ್ನು ಸಂಘಕ್ಕೆ ಒಪ್ಪಿಸಬೇಕೆಂದು ರೇರಾದ 17ನೇ ಕಲಮೇ ಹೇಳುತ್ತದೆ. ಕೇಳುವವರು ಕಡಿಮೆ.

ಮಾದರಿ ಫ್ಲ್ಯಾಟ್ ನೋಡಲು ಹೋದವರು ಬಾಲ್ಕನಿಯಲ್ಲಿ ನಿಂತು ಕೆರೆ ಕಾಣುತ್ತದೆಯೇ ಎಂದು ಕೇಳುತ್ತಾರೆ. ಮೊದಲು ಬಚ್ಚಲಿಗೆ ಹೋಗಿ, ಇಲ್ಲಿ ಪೈಪು ಸೋರಿದರೆ ಎಲ್ಲಿ ಕಾಣುತ್ತದೆ ಎಂದು ಕೇಳಲಿ. "ಸೋರುವುದೇ ಇಲ್ಲ ಮೇಡಂ" ಎಂಬ ಉತ್ತರ ಬಂದರೆ ಮುಂಗಡ ಕೊಡದೆ ಲಿಫ್ಟ್ ಹತ್ತಿ ಕೆಳಗಿಳಿಯುವುದು ಒಳ್ಳೆಯದು.