ಮೂರು ನಟ್ಟು, ಐದು ಜೀವ

ಸಂಜೆ ಏಳಾದ ಮೇಲೆ ದಾವಣಗೆರೆ ಬಸ್ ನಿಲ್ದಾಣದ ಹೊರಗೆ ನಿಂತವರಿಗೆ ಈ ಕೂಗು ಹೊಸದಲ್ಲ. “ಜಗಳೂರು, ಜಗಳೂರು, ಒಂದೇ ಸೀಟು!” ಬಸ್ಸು ತಪ್ಪಿದವರು, ಅಂಗಡಿ ಮುಚ್ಚಿ ಹೊರಟವರು, ಆಸ್ಪತ್ರೆಗೆ ಬಂದು ಹೊತ್ತಾದವರು ಕಾರು ಹತ್ತುತ್ತಾರೆ. ಸೀಟು ಹರಿದಿದ್ದರೆ ಗೊಣಗುತ್ತಾರೆ. ಚಿಲ್ಲರೆಗೆ ಜಗಳ ಆಡುತ್ತಾರೆ. ಚಕ್ರದಲ್ಲಿ ಎಷ್ಟು ನಟ್ಟಿವೆ ಅಂತ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ನೋಡಬೇಕಾದ ಕಾಲ ಬಂದಿದೆ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚುವಾಗ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಅಣ್ಣಾ, ಒಂದು ಸ್ಟಡ್ಡು ಕಟ್ಟಾಗೇತಿ.”

“ಇನ್ನೂ ಮೂರು ಅದಾವಲ್ಲೋ, ಬಿಗಿ ಮಾಡಿ ಬಿಡು. ಬಾಡಿಗೆ ಐತಿ.”

ಅಂಗಡಿ ಷಟರಿಗೆ ಹಾಕಿದ ಎರಡು ಬೀಗದಲ್ಲಿ ಒಂದು ಕೆಟ್ಟರೆ ಸಾಹುಕಾರರು ಅವತ್ತು ರಾತ್ರಿಯೇ ಹೊಸದು ತರಿಸುತ್ತಾರೆ. ಇನ್ನೊಂದು ಇದೆಯಲ್ಲ ಅಂತ ಮಲಗುವುದಿಲ್ಲ. ಚಕ್ರದ ಬೀಗ ಮುರಿದಾಗ ಮಾತ್ರ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೋ!

ಸ್ಟಡ್ಡು ಅಂದರೆ ಬಟ್ಟೆ ನೇತುಹಾಕುವ ಗೂಟ ಅಲ್ಲ. ನಟ್ಟು ಬಿಗಿದಾಗ ಅದು ಚಕ್ರವನ್ನು ಹಬ್ಬಿಗೆ ಅವುಚಿ ಹಿಡಿಯುತ್ತದೆ. ಆ ಹಿಡಿತದಲ್ಲೇ ಚಕ್ರ ನಿಲ್ಲುವುದು. ನಾಲ್ಕರಲ್ಲಿ ಒಂದು ಹೋದರೆ ಕಾಲು ಭಾಗ ಹಿಡಿತ ಹೋಯಿತು. ಉಳಿದ ಮೂರರ ಮೇಲೆ ಭಾರ ಹೆಚ್ಚುತ್ತದೆ. ಚಕ್ರ ಕೂದಲೆಳೆಯಷ್ಟು ಅಲುಗಾಡಿದರೂ ಸುತ್ತು ಸುತ್ತಿಗೆ ಸ್ಟಡ್ಡು ಬಾಗಿ, ದಣಿದು, ಪಕ್ಕದ್ದೂ ಕಟ್ಟಾಗುತ್ತದೆ. ರಿಮ್ಮಿನ ತೂತು ಮೊಟ್ಟೆಯಾಕಾರ ಆಗುತ್ತದೆ. ಆಮೇಲೆ ಸ್ಟಡ್ಡು ಬದಲಿಸಿದರೂ ಸಾಲದು, ರಿಮ್ಮೂ ಹೊಸದೇ ಬೇಕು.

ಇಷ್ಟಕ್ಕೂ ಸ್ಟಡ್ಡು ಕಟ್ಟಾಗುವುದೇಕೆ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಿದ್ದಕ್ಕೆ. ಸಣ್ಣ ಕಾರಿನ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಸಾಕು. ಒಂದಡಿ ಪಾನಾದ ತುದಿಗೆ 33 ಕೆ.ಜಿ. ತೂಗುಹಾಕಿದರೆ ಆಗುವಷ್ಟು ಬಲ ಅದು. ಸರಿಯಾದ ಲೆಕ್ಕ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ನಮ್ಮಲ್ಲಿ ನಡೆಯುವುದೇನು? ಪಾನಾಕ್ಕೆ ಪೈಪು ಸಿಕ್ಕಿಸಿ ಎರಡಡಿ ಮಾಡಿ, 60 ಕೆ.ಜಿ. ಆಳು ಅದರ ತುದಿ ಹತ್ತಿ ನಿಲ್ಲುತ್ತಾನೆ. ಬಿಗಿ ಮೂರೂವರೆ ಪಟ್ಟು ಮೀರಿತು! ಗಾಳಿ ಗನ್ನು ಇರುವ ಕಡೆ “ಟರ್‍ರ್” ಎಂದು ಸದ್ದು ನಿಲ್ಲುವತನಕ ಒತ್ತುವುದು. ನಟ್ಟನ್ನು ಮೊದಲು ಕೈಯಲ್ಲಿ ಕೂರಿಸದೆ ಗನ್ನು ಹಿಡಿದರೆ ಅಡ್ಡ ಕೂತು ಥ್ರೆಡ್ಡೇ ಸವೆದುಹೋಗುತ್ತದೆ. ಥ್ರೆಡ್ಡಿಗೆ ಎಣ್ಣೆ ಸುರಿಯುವ ಚಾಳಿಯೂ ಉಂಟು. ಜಾರು ಹೆಚ್ಚಾಗಿ, ಅದೇ ಬಲಕ್ಕೆ ಸ್ಟಡ್ಡು ಇನ್ನಷ್ಟು ಎಳೆಯಲ್ಪಡುತ್ತದೆ. ಒಮ್ಮೆ ಮಿತಿ ಮೀರಿ ಎಳೆದ ಸ್ಟಡ್ಡು ಮತ್ತೆ ಮೊದಲಿನಂತಾಗದು.

ಇನ್ನು ರಿಪೇರಿಯ ಕಥೆ. ಕಟ್ಟಾದ ತುಂಡಿಗೆ ಬೋಲ್ಟು ವೆಲ್ಡಿಂಗ್ ಹೊಡೆದು “ಗಟ್ಟಿ ಆತು ಹೋಗಣ್ಣ” ಅನ್ನುವವರಿದ್ದಾರೆ. ಸ್ಟಡ್ಡಿನ ಉಕ್ಕನ್ನು ಕಾರ್ಖಾನೆಯಲ್ಲಿ ಕಾಯಿಸಿ ಹದ ಮಾಡಿರುತ್ತಾರೆ. ವೆಲ್ಡಿಂಗ್ ಬೆಂಕಿಗೆ ಆ ಹದ ಕೆಡುತ್ತದೆ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ನಂಬಿಕೆ ಇಲ್ಲ. ಥ್ರೆಡ್ಡಿಗೆ ಸ್ವಲ್ಪ ತುಕ್ಕು, ಕೊಳೆ ಇದ್ದರೆ ಶುಚಿ ಮಾಡಿ ಬಳಸಬಹುದು. ಬಾಗಿದ್ದು, ಎಳೆದದ್ದು, ಥ್ರೆಡ್ಡು ಹೋದದ್ದು ಬದಲಾಗಲೇಬೇಕು. ಹಳೆಯದನ್ನು ಹಿಂದಕ್ಕೆ ಹೊಡೆದು ತೆಗೆದು, ಅದೇ ಅಳತೆಯ ಹೊಸದನ್ನು ಹಬ್ಬಿನ ಹಲ್ಲಿಗೆ ಸರಿಯಾಗಿ ಕೂರಿಸಬೇಕು. ಕೆಲವು ಕಾರಿನಲ್ಲಿ ಹಿಂದೆ ಜಾಗ ಸಾಲದೆ ಹಬ್ಬೇ ಬಿಚ್ಚಬೇಕಾಗುತ್ತದೆ. ಆಗ ಸಾಮಾನಿಗಿಂತ ಕೂಲಿ ಹೆಚ್ಚು. ಮೆಕ್ಯಾನಿಕ್ಕು ಸುಲಿಯುತ್ತಾನೆ ಎಂದು ಗೊಣಗಿ ಪ್ರಯೋಜನವಿಲ್ಲ.

ಎಲ್ಲ ತಪ್ಪನ್ನೂ ಪಾನಾ ಹಿಡಿದ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನು ಹೇಳುತ್ತಾನೆ, ಡ್ರೈವರು ಕೇಳುವುದಿಲ್ಲ. ಡ್ರೈವರು ಹೇಳುತ್ತಾನೆ, “ಮುಂದಿನ ವಾರ ನೋಡೋಣ ಬಿಡು” ಎಂದು ಕಾರಿನ ಯಜಮಾನರು ಫೋನಿಡುತ್ತಾರೆ. ಒಂದು ದಿನ ಗಾಡಿ ನಿಂತರೆ ಡ್ರೈವರ ಮನೆಗೆ ಅವತ್ತಿನ ಅಕ್ಕಿ ಇಲ್ಲ. ಕಾರಿಟ್ಟು ದುಡಿಸುವವರು ಆ ಒಂದು ದಿನದ ಬಾಟಾ ಕೊಟ್ಟರೆ ಅರ್ಧ ಕಾಯಿಲೆ ವಾಸಿ.

ಬಾಡಿಗೆ ಗಾಡಿಗೆ ಎಫ್.ಸಿ. ಇದೆಯಲ್ಲ ಎನ್ನಬಹುದು. ಇದೆ. ಆದರೆ ಎಫ್.ಸಿ. ತಾರೀಖು ನೋಡಿಕೊಂಡು ಸ್ಟಡ್ಡು ಕಟ್ಟಾಗುವುದಿಲ್ಲ.

ಪಂಕ್ಚರ್ ಅಂಗಡಿಯವರು ನಟ್ಟನ್ನು ಕೈಯಲ್ಲಿ ಹಿಡಿಸಿ, ಎದುರು ಬದುರಾಗಿ ಬಿಗಿದು, ಕೊನೆಯ ಬಿಗಿಗೆ ಟಾರ್ಕ್ ರೆಂಚು ಇಟ್ಟುಕೊಳ್ಳಲಿ. ಡ್ರೈವರುಗಳು 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಲಿ. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ, ಚಕ್ರದಿಂದ ಟಕ್ ಟಕ್ ಸದ್ದು ಬಂದರೆ ಗಾಡಿ ಅಲ್ಲೇ ನಿಲ್ಲಲಿ.

ಪ್ರಯಾಣಿಕರ ಕೆಲಸ ಇನ್ನೂ ಸುಲಭ. ಹತ್ತುವ ಮುಂಚೆ ಚಕ್ರದ ಕಡೆ ಒಂದು ಸಲ ಬಗ್ಗಿ, ನಟ್ಟು ಎಣಿಸಿ. ಒಂದು ಕಮ್ಮಿ ಇದ್ದರೆ ನಾಚಿಕೆ ಬಿಟ್ಟು ಕೇಳಿ: “ಡ್ರೈವರಣ್ಣಾ, ನಾಲ್ಕನೇದು ಎಲ್ಲಿ?” ಉತ್ತರ ಸರಿ ಬರದಿದ್ದರೆ ಮುಂದಿನ ಬಸ್ಸು ತಡವಾದರೂ ಚಿಂತೆಯಿಲ್ಲ. ಮನೆಯವರು ಊಟಕ್ಕೆ ಕಾಯುತ್ತಾರೆ.