ಬುನಾದಿಗೆ ಮೊದಲು ಬೆಂಚುಗಳ ಲೆಕ್ಕ



ತೋಟ ಹಾಕುವವರು ಮೊದಲು ಹಗ್ಗ ಹಿಡಿದು ಗುಂಡಿಗಳ ಅಂತರ ಗುರುತಿಸುತ್ತಾರೆ. ಹೊಸ ದೇವಾಲಯಕ್ಕೂ ಇದೇ ಕ್ರಮ ಬೇಕು. ಎಷ್ಟೋ ಕಡೆ ಗೋಪುರದ ಎತ್ತರಕ್ಕೆ ಹಲವು ಸಭೆ ನಡೆಯುತ್ತವೆ, ಆಸನದ ಮಾತು ಬರುವುದು ಬಣ್ಣ ಬಳಿದ ಮೇಲೆ. ಅಷ್ಟರಲ್ಲಿ ಕಂಬವೊಂದು ಬಲಿಪೀಠವನ್ನು ಮರೆಮಾಡಿರುತ್ತದೆ.

ಲೆಕ್ಕ ಸುಲಭ. ಅಗಲ 40 ಅಡಿ ಇರಲಿ. ನಡುವಿನ ದಾರಿಗೆ 6 ಅಡಿ ಬೇಕು. ಶವಪೆಟ್ಟಿಗೆ ಹೊತ್ತವರು ಅಕ್ಕಪಕ್ಕ ನಡೆಯಬೇಕಲ್ಲವೇ? ಗೋಡೆಯ ಬದಿಗಳಿಗೆ ನಾಲ್ಕು ನಾಲ್ಕು ಅಡಿ. ಉಳಿದ 26 ಅಡಿಯಲ್ಲಿ ಎರಡು ಬೆಂಚು; ಒಬ್ಬರಿಗೆ ಒಂದೂವರೆ ಅಡಿಯಂತೆ ಸಾಲಿಗೆ 16 ಜನ. ಮೊಣಕಾಲೂರಲು ಸಾಲಿನಿಂದ ಸಾಲಿಗೆ 3 ಅಡಿಯಾದರೂ ಬೇಕು. 20 ಸಾಲು, 60 ಅಡಿ ಉದ್ದ, 320 ಜನ.

ಇನ್ನು ಆರೋಗ್ಯದ ಮಾತು. ನಾಟಿ, ಕಳೆ, ಹೊರೆ ಎಂದು ದುಡಿದ ಮಂಡಿಗಳು ಅರವತ್ತರ ಹೊತ್ತಿಗೆ ಸವೆದಿರುತ್ತವೆ. ಅಂಥವರಿಗೆ ನೆಲದಿಂದ ಏಳುವುದೇ ಯಾತನೆ. ನೆಲದಲ್ಲಿ ಕೂರುವ ನಮ್ಮ ವಾಡಿಕೆ ಒಳ್ಳೆಯದೇ. ಮಕ್ಕಳಿಗೆ, ಬಯಸುವವರಿಗೆ ಮುಂದೆ ಚಾಪೆಯ ಜಾಗವಿರಲಿ. ಆದರೆ ಬೆಂಚು ಬೇಕಾದ ಅಜ್ಜಿಯನ್ನು ಕಡೆಯ ಸಾಲಿಗೆ ಕಳಿಸಬಾರದು. ಚಾಪೆಯ ಎರಡೂ ಪಕ್ಕ ಒಂದೂವರೆ ಅಡಿ ಎತ್ತರದ, ಒರಗುವ ಬೆಂಚುಗಳಿರಲಿ. ಗಾಲಿಕುರ್ಚಿಗೆ ಸಾಲಿನ ತುದಿಯಲ್ಲಿ 3 ಅಡಿ ಬಿಡೋಣ. ಬಾಗಿಲಲ್ಲಿ ಒಂದಡಿ ಏರಲು 12 ಅಡಿ ಉದ್ದದ ಇಳಿಜಾರು ಇರಲಿ.

ದೊಡ್ಡ ಕಾಣಿಕೆ ಕೊಟ್ಟವರಿಗೆ ಮುಂದಿನ ಬೆಂಚು ಎಂಬ ಮಾತೂ ಕಟ್ಟಡದ ಸಭೆಗಳಲ್ಲಿ ಕೇಳಿಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಖಾಸಗಿ ವ್ಯಕ್ತಿಗಳಿಗೆ ಆಸನ ಕಾದಿರಿಸುವುದು ಖಂಡನೀಯವೆಂದು ಪೂಜಾಗ್ರಂಥದ ಸಾಮಾನ್ಯ ನಿಯಮಗಳ 311ನೆಯ ಕಲಮು ಹೇಳುತ್ತದೆ. ಶ್ರೀಮಂತನಿಗೆ ಪೀಠ, ಬಡವನಿಗೆ ಕಾಲಬುಡ ಎಂಬ ಭೇದವನ್ನು ಸಂತ ಯಕೋಬರ ಪತ್ರದ 2ನೆಯ ಅಧ್ಯಾಯವೇ ಛೀಮಾರಿ ಹಾಕಿದೆ. ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದಲ್ಲಿ ಜಾತಿಗೊಂದು ಪಕ್ಕ ಮಾಡಿ ನಡುವೆ ಗೋಡೆಯನ್ನೇ ಎಬ್ಬಿಸಿದ್ದರು. ಅದು ಬಿದ್ದದ್ದು 1910ರಲ್ಲಿ. ಕಟ್ಟಿದ ಭೇದವನ್ನು ಕೆಡವುವುದು ಅಷ್ಟು ಕಷ್ಟ. ಕಾಣಿಕೆ ಕೊಟ್ಟವರ ಹೆಸರು ಬೇಕಿದ್ದರೆ ಗೋಡೆಯ ಫಲಕದಲ್ಲಿರಲಿ, ಬೆಂಚಿನ ಮೇಲೆ ಬೇಡ.

ನಮ್ಮ ಸಲಹೆ ಇಷ್ಟೇ: ನಕ್ಷೆಗೆ ಸಹಿ ಹಾಕುವ ಮೊದಲು ಸುಗ್ಗಿ ಮುಗಿದ ಕಣದಲ್ಲಿ ಸುಣ್ಣದ ಗೆರೆ ಎಳೆಯಿರಿ, ಮನೆಯ ಕುರ್ಚಿಗಳನ್ನು ತಂದಿಡಿ. ಕೋಲೂರುವ ಹಿರಿಯರನ್ನು, ಕೂಸೆತ್ತಿದ ತಾಯಂದಿರನ್ನು ಕೂರಿಸಿ, ಪರಮಪ್ರಸಾದಕ್ಕೆ ಬಂದು ಹಿಂದಿರುಗಲು ಹೇಳಿ. ಅವರು ತಡವರಿಸಿದ ಕಡೆ ಗೆರೆ ಬದಲಿಸಿ. ಸುಣ್ಣದ ಗೆರೆ ಅಳಿಸಲು ಖರ್ಚಿಲ್ಲ.