ಚಂದ್ರಮುಖಿ, ಜ್ಯೋತಿ ಮತ್ತು ಹಣದುಬ್ಬರ

ಕೋಲ್ಕತ್ತಾದ ಸಿಯಾಲ್ದಾ ರೈಲು ನಿಲ್ದಾಣದಿಂದ ನಾಲ್ಕು ಹೆಜ್ಜೆ ಹಾಕಿದರೆ ಕೋಲೆ ಮಾರ್ಕೆಟ್. ಸುತ್ತಲ ಜಿಲ್ಲೆಗಳ ತರಕಾರಿ ಇಲ್ಲಿಗೆ ಬಂದು ಬೀಳುತ್ತದೆ. ಸಗಟು ವ್ಯಾಪಾರವೆಲ್ಲ 'ಪಾಲ್ಲಾ' ಲೆಕ್ಕ; ಒಂದು ಪಾಲ್ಲಾ ಅಂದರೆ 5 ಕಿಲೋ. ಆದರೆ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದವರಿಗೆ ಈ ದರ ಬೇಡ. ಅರ್ಧ ಕಿಲೋ ಕೊಳ್ಳುವವರು ಚಿಲ್ಲರೆ ಅಂಗಡಿಯಲ್ಲಿ ಎಷ್ಟು ಕೊಟ್ಟರು ಅನ್ನುವುದು ಬೇಕು. ಅದೂ ಹೋದ ಸಲ ಕೇಳಿದ ಅಂಗಡಿಯಲ್ಲೇ, ಅದೇ ತಳಿಯ ಮಾಲಿಗೆ.

ತಳಿಯ ಮಾತು ಸಣ್ಣದಲ್ಲ. ಬಂಗಾಳದ ಆಲೂಗಡ್ಡೆಯಲ್ಲಿ ಚಂದ್ರಮುಖಿ ತುಟ್ಟಿ (ಹೆಸರಿಗೆ ತಕ್ಕ ಬಿಗುಮಾನ!), ಜ್ಯೋತಿ ಅಗ್ಗ. ಚಂದ್ರಮುಖಿ ಏರಿತೆಂದು ಜನ ಜ್ಯೋತಿಗೆ ಇಳಿದರೆ ಖರ್ಚು ಹೆಚ್ಚುವುದಿಲ್ಲ, ನಾಲಿಗೆಗಷ್ಟೇ ನಷ್ಟ. ಲೆಕ್ಕದವರು ಮಾತ್ರ ಚಂದ್ರಮುಖಿಯನ್ನು ಚಂದ್ರಮುಖಿಯ ಜೊತೆಗೇ ಹೋಲಿಸಬೇಕು. ಇಲ್ಲದಿದ್ದರೆ ಜನರ ಕೈ ಬಿಗಿಯಾದದ್ದನ್ನೇ ಬೆಲೆ ಇಳಿಯಿತೆಂದು ಬರೆದಂತಾಗುತ್ತದೆ.

ಇನ್ನು ಶೇಕಡದ ಆಟ. 2024ರ ಅಕ್ಟೋಬರಿನಲ್ಲಿ ದೇಶದ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 42ರಷ್ಟು ಏರಿತ್ತು. ಮರುವರ್ಷ ಅದೇ ತಿಂಗಳು ಶೇ. 27ಕ್ಕೂ ಹೆಚ್ಚು ಇಳಿಯಿತು. ಒಟ್ಟು ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಬಂತು, 2012ನ್ನು ಆಧಾರವಾಗಿಟ್ಟ ಸೂಚ್ಯಂಕ ಸರಣಿಯಲ್ಲೇ ಅದು ಕನಿಷ್ಠ. ಹಾಗೆಂದು 42ರಲ್ಲಿ 27 ಕಳೆದು 15 ಉಳಿಯಿತು ಅನ್ನುವಂತಿಲ್ಲ. 2023ರಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ಚೀಲ 142 ಆಯಿತು. ಆಮೇಲಿನ ಇಳಿಕೆ ಆ 142ರ ಮೇಲಿನದು, ಹಾಗಾಗಿ ಬಂದು ನಿಂತದ್ದು 103ರ ಆಸುಪಾಸಿನಲ್ಲಿ. ಎರಡು ವರ್ಷದಲ್ಲಿ ಏರಿದ್ದು ಮೂರೇ ರೂಪಾಯಿ. ಒಂದು ವರ್ಷ ಕೊಳ್ಳುವವರು ಬೈದರು, ಇನ್ನೊಂದು ವರ್ಷ ಬೆಳೆದವರು. ಇಬ್ಬರದೂ ಸುಳ್ಳಲ್ಲ.

ಆ ಸರಣಿಯಲ್ಲಿ ಆಹಾರ, ಪಾನೀಯಕ್ಕೆ ಸುಮಾರು ಶೇ. 46ರ ಪಾಲಿತ್ತು. 2026ರ ಫೆಬ್ರುವರಿಯಲ್ಲಿ ಬಂದ, 2024ರ ಆಧಾರದ ಹೊಸ ಸರಣಿಯಲ್ಲಿ ಅದು ಶೇ. 37ರ ಹತ್ತಿರ. ಮೊಬೈಲು, ಓಡಾಟ, ಆಸ್ಪತ್ರೆಗೆ ಖರ್ಚು ಬೆಳೆದಿರುವಾಗ ಇದು ಸರಿಯೇ. ಆದರೆ ಬಡವರ ದುಡಿಮೆಯಲ್ಲಿ ಊಟಕ್ಕೇ ಹೆಚ್ಚಿನ ಪಾಲು ಹೋಗುತ್ತದೆಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಕೋಲೆ ಮಾರ್ಕೆಟ್ಟಿನಲ್ಲಿ ತಲೆಮೇಲೆ ಬುಟ್ಟಿ ಹೊತ್ತು ಓಡುವ ಹಮಾಲಿಯ ಹಣದುಬ್ಬರ, ತರಕಾರಿ ಏರಿದ ವರ್ಷ ದೆಹಲಿಯ ಅಂಕಿಗಿಂತ ಮೇಲೆ, ಇಳಿದ ವರ್ಷ ಕೆಳಗೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಆಧಾರ; ಅದು ಏರಿದರೆ ಭತ್ಯೆಯೂ ಏರುತ್ತದೆ. ಹಮಾಲಿ ಮಾತ್ರ ತನ್ನ ಕೂಲಿಯನ್ನು ಬುಟ್ಟಿ ಬುಟ್ಟಿಗೂ ಚೌಕಾಸಿ ಮಾಡಿಯೇ ಏರಿಸಿಕೊಳ್ಳಬೇಕು.